ಪೋಸ್ಟ್‌ಗ್ರೆಸ್ ಸರ್ವರ್ ಸಂಪರ್ಕ ಕೊಡದಿದ್ದಾಗ: ಬೇಡಿಕೆ ಎಲ್ಲಿಯವರೆಗೆ ತಲುಪಿದೆ ಎಂದು ಪತ್ತೆ ಹಚ್ಚುವುದು

ಅಪ್ಲಿಕೇಶನ್ ತೋರಿಸುವುದು 'ಡೇಟಾಬೇಸ್‌ಗೆ ಕನೆಕ್ಟ್ ಆಗಲಿಲ್ಲ' ಎಂಬ ಒಂದೇ ಸಾಲು. ಅದರ ಹಿಂದೆ ಇರಬಹುದಾದ ಕಾರಣಗಳು ಹತ್ತಾರು. ಇಂಥ ಹೊತ್ತಿನಲ್ಲಿ ಬಹಳ ಜನ ಕೈಹಾಕುವ ಪರಿಹಾರ ಒಂದೇ ಬಗೆಯದು: ಸರ್ವರ್ ಯಾವ ವಿಳಾಸಗಳಲ್ಲಿ ಕಿವಿಗೊಡಬೇಕೆಂದು ಹೇಳುವ ಲಿಸನ್_ಅಡ್ರೆಸಸ್‌ಗೆ ನಕ್ಷತ್ರ ಚಿಹ್ನೆ, ಯಾರು ಎಲ್ಲಿಂದ ಹೇಗೆ ಒಳಬರಬಹುದೆಂದು ಹೇಳುವ ಪಿಜಿ_ಎಚ್‌ಬಿಎ.ಕಾನ್ಫ್ (ಎಚ್‌ಬಿಎ) ಫೈಲಿನಲ್ಲಿ 0.0.0.0/0 ವಿಳಾಸಕ್ಕೆ 'ಟ್ರಸ್ಟ್', ಫೈರ್‌ವಾಲ್ ಬಂದ್, ಆಮೇಲೆ ರೀಸ್ಟಾರ್ಟ್. ಕೆಲವೊಮ್ಮೆ ಕೆಲಸವೂ ಆಗಿಬಿಡುತ್ತದೆ. ಆದರೆ ಕೆಟ್ಟಿದ್ದು ಯಾವುದು ಎಂಬುದು ಗೊತ್ತಾಗುವುದೇ ಇಲ್ಲ. ಮೇಲಾಗಿ ಪಾಸ್‌ವರ್ಡ್ ಕೇಳದೆ ಯಾರನ್ನು ಬೇಕಾದರೂ ಒಳಗೆ ಬಿಡುವ ಸರ್ವರ್ ಒಂದು ಇಂಟರ್ನೆಟ್ಟಿಗೆ ತೆರೆದುಕೊಂಡು ಕೂತಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಸೆಟ್ಟಿಂಗನ್ನೂ ಮುಟ್ಟದೆ ಕಾರಣ ಕಂಡುಹಿಡಿಯಲು ಸಾಧ್ಯವಿದೆ.

ಕ್ಲೈಂಟ್ ಕಳಿಸಿದ ಬೇಡಿಕೆ ಕೆಲವು ಹಂತಗಳನ್ನು ಕ್ರಮವಾಗಿ ದಾಟಬೇಕು: ಯಂತ್ರದ ವಿಳಾಸ, ಪೋರ್ಟ್, ಖಾಲಿ ಜಾಗ, ಎಚ್‌ಬಿಎ ನಿಯಮ, ಪಾಸ್‌ವರ್ಡ್, ಡೇಟಾಬೇಸಿನ ಹೆಸರು. ಪ್ರತಿ ಹಂತವೂ ತಡೆಯುವಾಗ ಬೇರೆಯದೇ ಮಾತಿನಲ್ಲಿ ತಡೆಯುತ್ತದೆ. ಆ ಮಾತನ್ನು ಅಕ್ಷರ ಬಿಡದೆ ಓದಿದರೆ ಬೇಡಿಕೆ ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯುತ್ತದೆ, ಅದಕ್ಕಿಂತ ಹಿಂದಿನ ಹಂತಗಳನ್ನು ತಡಕಾಡುವ ಕೆಲಸ ತಪ್ಪುತ್ತದೆ. 'ಪಾಸ್‌ವರ್ಡ್ ಅಥೆಂಟಿಕೇಶನ್ ಫೇಲ್ಡ್' ಎಂದು ಬಂದ ಮೇಲೂ ಫೈರ್‌ವಾಲ್ ತಿದ್ದುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಪಾಸ್‌ವರ್ಡ್ ತಪ್ಪೆಂದು ಹೇಳಿದ್ದು ಪೋಸ್ಟ್‌ಗ್ರೆಸ್ ತಾನೇ? ಹಾಗಿದ್ದರೆ ನೆಟ್‌ವರ್ಕ್ ಸರಿಯಾಗಿಯೇ ಇದೆ.

ಮೊದಲು ಲಾಗ್

ಡೆಬಿಯನ್, ಉಬುಂಟು ಪ್ಯಾಕೇಜ್‌ಗಳಲ್ಲಿ ಲಾಗ್ ಇರುವುದು /ವಾರ್/ಲಾಗ್/ಪೋಸ್ಟ್‌ಗ್ರೆಸ್ಕ್ಯೂಎಲ್ ಫೋಲ್ಡರಿನಲ್ಲಿ. ರೆಡ್ ಹ್ಯಾಟ್ ಬಳಗದ ಸಿಸ್ಟಮ್‌ಗಳಲ್ಲಿ ಡೇಟಾ ಡೈರೆಕ್ಟರಿಯೊಳಗಿನ 'ಲಾಗ್' ಎಂಬ ಉಪಫೋಲ್ಡರಿನಲ್ಲಿ. ಆವೃತ್ತಿ 10ಕ್ಕಿಂತ ಹಿಂದೆ ಅದರ ಹೆಸರು 'ಪಿಜಿ_ಲಾಗ್' ಎಂದಿತ್ತು. ಡಾಕರ್‌ನಲ್ಲಾದರೆ ಕಂಟೇನರಿನ ಲಾಗನ್ನೇ ನೋಡಬೇಕು. ಸರ್ವರ್ ಏಳುವಾಗಲೇ ಬಿದ್ದುಹೋದರೆ ಲಾಗ್ ಫೈಲ್ ತೆರೆಯುವಷ್ಟು ಹೊತ್ತೂ ಅದಕ್ಕೆ ಸಿಕ್ಕಿರುವುದಿಲ್ಲ. ಆಗ ಸಂದೇಶ ಸಿಸ್ಟಮ್‌ಡಿಯ ಜರ್ನಲ್‌ನಲ್ಲಿ ಇರುತ್ತದೆ. ಎರಡೂ ಕಡೆ ಕಣ್ಣು ಹಾಯಿಸಿ.

ಒಂದು ಟರ್ಮಿನಲ್‌ನಲ್ಲಿ ಲಾಗಿನ ಕೊನೆಯ ಸಾಲುಗಳು ಓಡುತ್ತಿರಲಿ, ಇನ್ನೊಂದರಿಂದ ಕನೆಕ್ಟ್ ಆಗಲು ನೋಡಿ. ಪ್ರತಿ ಸಲವೂ ಹೊಸ 'ಫೇಟಲ್' ಸಾಲು ಮೂಡಿದರೆ ಬೇಡಿಕೆ ಸರ್ವರ್ ಮುಟ್ಟಿದೆ ಎಂದರ್ಥ. ಏನೂ ಮೂಡದಿದ್ದರೆ ಅದು ದಾರಿಯಲ್ಲೇ ನಿಂತಿದೆ, ಇಲ್ಲವೇ ಬೇರೊಂದು ಸರ್ವರ್‌ಗೆ ಹೋಗುತ್ತಿದೆ. ಲಾಗ್ ಏನೂ ಹೇಳದೆ ಸುಮ್ಮನಿರುವುದೂ ಒಂದು ಸಾಕ್ಷಿಯೇ. ಈ ಒಂದು ಪರೀಕ್ಷೆಯಿಂದಲೇ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ಸರ್ವರ್ ನಿಜಕ್ಕೂ ಓಡುತ್ತಿದೆಯೇ?

ಡೆಬಿಯನ್, ಉಬುಂಟುವಿನಲ್ಲಿ 'ಪೋಸ್ಟ್‌ಗ್ರೆಸ್ಕ್ಯೂಎಲ್' ಸರ್ವಿಸ್‌ನ ಸ್ಟೇಟಸ್ ಕೇಳಿದರೆ ಹಸಿರು ಬಣ್ಣದಲ್ಲಿ 'ಆ್ಯಕ್ಟಿವ್ (ಎಗ್ಸಿಟೆಡ್)' ಎಂದು ಬರುತ್ತದೆ. ಹಸಿರು ಕಂಡು ಬಹಳ ಜನ ಮುಂದೆ ಹೋಗಿಬಿಡುತ್ತಾರೆ. ಆದರೆ ಅದು ಹೊರಗಿನ ಹೊದಿಕೆಯಂಥ ಸರ್ವಿಸ್ ಅಷ್ಟೇ. ಒಳಗಿನ ಸರ್ವರ್ ಸತ್ತಿದ್ದರೂ ಅದು ಹಸಿರಾಗಿಯೇ ಇರುತ್ತದೆ. ನಿಜವಾದ ಸರ್ವಿಸ್ ಹೆಸರಿನಲ್ಲಿ ಆವೃತ್ತಿಯೂ ಕ್ಲಸ್ಟರಿನ (ಒಂದು ಸರ್ವರ್ ನೋಡಿಕೊಳ್ಳುವ ಡೇಟಾಬೇಸ್‌ಗಳ ಗುಂಪಿನ) ಹೆಸರೂ ಇರುತ್ತವೆ, ಉದಾಹರಣೆಗೆ 'ಪೋಸ್ಟ್‌ಗ್ರೆಸ್ಕ್ಯೂಎಲ್@16-ಮೇನ್'. ಇದಕ್ಕಿಂತ ಸುಲಭದ ದಾರಿ 'ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್' ಕಮಾಂಡ್. ಆವೃತ್ತಿ, ಕ್ಲಸ್ಟರ್, ಪೋರ್ಟ್, ಸ್ಥಿತಿ, ಡೇಟಾ ಡೈರೆಕ್ಟರಿ, ಲಾಗ್ ಫೈಲ್ ಎಲ್ಲವನ್ನೂ ಅದು ಒಂದೇ ಸಾಲಿನಲ್ಲಿ ತೋರಿಸುತ್ತದೆ.

ಅಲ್ಲಿ ಪೋರ್ಟ್ ಕಾಲಮ್ ಗಮನಿಸಿ. ಹಳೆಯ ಆವೃತ್ತಿ ಇರುವಾಗಲೇ ಹೊಸದನ್ನು ಹಾಕಿದರೆ ಹಳೆಯದು 5432ರಲ್ಲೇ ಉಳಿದು ಹೊಸದಕ್ಕೆ 5433 ಸಿಗುತ್ತದೆ. 'ನಿನ್ನೆ ತಾನೇ ಮಾಡಿದ ಡೇಟಾಬೇಸ್ ಇವತ್ತು ಇಲ್ಲ' ಎನ್ನುವ ದೂರುಗಳಲ್ಲಿ ಎಷ್ಟೋ ಸಲ ಆಗಿರುವುದು ಇಷ್ಟೇ: ಡೇಟಾ ಒಂದು ಸರ್ವರ್‌ನಲ್ಲಿ, ಕನೆಕ್ಷನ್ ಇನ್ನೊಂದಕ್ಕೆ.

ಸರ್ವರ್ ಎದ್ದೇ ಇಲ್ಲದಿದ್ದರೆ ಲಾಗಿನ ಕೊನೆಯ ನಾಲ್ಕೈದು ಸಾಲುಗಳಲ್ಲಿ ಕಾರಣ ಇದ್ದೇ ಇರುತ್ತದೆ. ಕಾನ್ಫಿಗ್ ಫೈಲಿನಲ್ಲಿ ಅಕ್ಷರ ತಪ್ಪಿದ್ದರೆ ಫೈಲಿನ ಹೆಸರು, ಸಾಲಿನ ಸಂಖ್ಯೆ ಎರಡೂ ಬರುತ್ತವೆ. ರೆಡ್ ಹ್ಯಾಟ್ ಬಳಗದಲ್ಲಿ ಪ್ಯಾಕೇಜ್ ಹಾಕಿದ ಮಾತ್ರಕ್ಕೆ ಡೇಟಾ ಡೈರೆಕ್ಟರಿ ತಯಾರಾಗುವುದಿಲ್ಲ, ಇನಿಟ್‌ಡಿಬಿ ಹಂತವನ್ನು ನೀವೇ ಓಡಿಸಬೇಕು. ಡೇಟಾ ಡೈರೆಕ್ಟರಿಯ ಒಡೆತನ ಸರ್ವರ್ ಓಡಿಸುವ ಬಳಕೆದಾರನದೇ ಆಗಿರಬೇಕು, ಪರ್ಮಿಷನ್ 0700 ಅಥವಾ 0750 ಇರಬೇಕು. 'ಪರ್ಮಿಷನ್ ಸಮಸ್ಯೆ' ಎಂದು ಯಾರೋ 777 ಕೊಟ್ಟಿದ್ದರೆ ಪೋಸ್ಟ್‌ಗ್ರೆಸ್ ಏಳಲು ಒಪ್ಪುವುದಿಲ್ಲ. ಒಪ್ಪದಿರುವುದೇ ಸರಿ.

'ಡೇಟಾಬೇಸ್ ಫೈಲ್ಸ್ ಆರ್ ಇನ್‌ಕಂಪ್ಯಾಟಿಬಲ್ ವಿತ್ ಸರ್ವರ್' ಎಂಬ ಸಂದೇಶ ಕಂಡರೆ ಗಾಬರಿ ಬೇಡ, ಡೇಟಾ ಎಲ್ಲಿಯೂ ಹೋಗಿಲ್ಲ. ಹಳೆಯ ಮೇಜರ್ ಆವೃತ್ತಿ ಬರೆದ ಫೈಲ್‌ಗಳನ್ನು ಹೊಸದು ನೇರವಾಗಿ ಓದಲಾರದು, ಅಷ್ಟೇ. ಕಂಟೇನರ್ ಇಮೇಜಿಗೆ 'ಲೇಟೆಸ್ಟ್' ಎಂದು ಬರೆದಿಟ್ಟವರಿಗೆ ಇದು ಎದುರಾಗುವುದು ಹೆಚ್ಚು. ಹಳೆಯ ಆವೃತ್ತಿಯ ಇಮೇಜಿಗೆ ಹಿಂದಿರುಗಿ, ಸರ್ವರ್ ಎಬ್ಬಿಸಿ, ಡಂಪ್ ತೆಗೆದು ಹೊಸದರಲ್ಲಿ ತುಂಬಿಸಿ. ಇಲ್ಲವೇ ಪಿಜಿ_ಅಪ್‌ಗ್ರೇಡ್ ಬಳಸಿ.

ಪೋಸ್ಟ್‌ಮಾಸ್ಟರ್.ಪಿಐಡಿ ಫೈಲಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದನ್ನು ಅಳಿಸಿದರೆ ಸರ್ವರ್ ಏಳುತ್ತದೆ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಆ ಫೈಲ್ ಇರುವುದೇ ಒಂದು ಡೇಟಾ ಡೈರೆಕ್ಟರಿಯ ಮೇಲೆ ಎರಡು ಸರ್ವರ್‌ಗಳು ಕೂರಬಾರದೆಂದು. ಹಾಗೆ ಕೂತರೆ ಡೇಟಾ ಕೆಡುತ್ತದೆ, ರಿಪೇರಿ ಮಾಡಲಾಗದಷ್ಟು ಕೆಡಬಹುದು. ಹಳೆಯ ಪ್ರೊಸೆಸ್ ಒಂದೂ ಬದುಕಿಲ್ಲ ಎಂದು ಪಿಎಸ್ ಕಮಾಂಡಿನಿಂದ ಕಣ್ಣಾರೆ ಖಚಿತ ಮಾಡಿಕೊಳ್ಳದೆ ಮುಟ್ಟಬೇಡಿ. ಎರಡು ಕಂಟೇನರ್‌ಗಳಿಗೆ ಒಂದೇ ವಾಲ್ಯೂಮ್ ಕೊಟ್ಟಿದ್ದರೆ ಈ ಕಾವಲೂ ಸಾಲದು. ಒಂದು ಕಂಟೇನರಿನ ಪ್ರೊಸೆಸ್ ಇನ್ನೊಂದಕ್ಕೆ ಕಾಣುವುದಿಲ್ಲ.

ನೆಟ್‌ವರ್ಕ್: ನಿರಾಕರಣೆ ಬೇರೆ, ನಿರುತ್ತರ ಬೇರೆ

'ಕನೆಕ್ಷನ್ ರಿಫ್ಯೂಸ್ಡ್' ತಕ್ಷಣ ಬಂದರೆ, ಯಂತ್ರ ಸಿಕ್ಕಿದೆ ಆದರೆ ಆ ವಿಳಾಸ, ಆ ಪೋರ್ಟಿನಲ್ಲಿ ಕಿವಿಗೊಟ್ಟು ಕೂತವರಿಲ್ಲ ಎಂದರ್ಥ. ಫೈರ್‌ವಾಲ್ 'ರಿಜೆಕ್ಟ್' ನಿಯಮದಿಂದ ತಳ್ಳಿದಾಗಲೂ ಇದೇ ಮಾತು ಬರಬಹುದು. ಬಹಳ ಹೊತ್ತು ಕಾದು 'ಟೈಮ್ಡ್ ಔಟ್' ಎಂದರೆ ಪ್ಯಾಕೆಟ್ ದಾರಿಯಲ್ಲೇ ಬಿದ್ದುಹೋಗುತ್ತಿದೆ: ಫೈರ್‌ವಾಲ್, ಕ್ಲೌಡಿನ ಸೆಕ್ಯುರಿಟಿ ಗ್ರೂಪ್, ಇಲ್ಲವೇ ವಿಳಾಸವೇ ತಪ್ಪು.

ರಿಫ್ಯೂಸ್ಡ್ ಆದಾಗ ಸರ್ವರ್ ಯಂತ್ರದಲ್ಲಿ 'ಎಸ್‌ಎಸ್' ಕಮಾಂಡಿನಿಂದ ಯಾವ ಪೋರ್ಟ್‌ಗಳು ತೆರೆದಿವೆ ನೋಡಿ. 127.0.0.1:5432 ಎಂದಷ್ಟೇ ಇದ್ದರೆ ಸರ್ವರ್ ಅದೇ ಯಂತ್ರದ ಕನೆಕ್ಷನ್‌ಗಳನ್ನು ಮಾತ್ರ ಕೇಳಿಸಿಕೊಳ್ಳುತ್ತಿದೆ. ಲಿಸನ್_ಅಡ್ರೆಸಸ್‌ನ ಮೂಲ ಬೆಲೆ (ಡಿಫಾಲ್ಟ್) 'ಲೋಕಲ್‌ಹೋಸ್ಟ್' ಆಗಿರುವುದೇ ಕಾರಣ. ಬೇಕಾದ ಒಳ ವಿಳಾಸವನ್ನು ಅಲ್ಲಿ ಸೇರಿಸಿ. ಈ ಬದಲಾವಣೆಗೆ ರೀಲೋಡ್ ಸಾಲದು, ರೀಸ್ಟಾರ್ಟ್ ಬೇಕೇ ಬೇಕು.

ಟರ್ಮಿನಲ್‌ನಿಂದ ಕನೆಕ್ಟ್ ಆಗುವ ಪಿಎಸ್‌ಕ್ಯೂಎಲ್ ಎಂಬ ಕ್ಲೈಂಟಿಗೆ ಹೋಸ್ಟ್ ಹೆಸರು ಕೊಡದಿದ್ದರೆ ಅದು ಪೋರ್ಟ್ ಮುಟ್ಟುವುದೇ ಇಲ್ಲ, ಯುನಿಕ್ಸ್ ಸಾಕೆಟ್ ಫೈಲಿನ ಮೂಲಕ ಹೋಗುತ್ತದೆ. ಮೂಲ ಕೋಡಿನಿಂದ ಕಟ್ಟಿದ ಆವೃತ್ತಿ ಆ ಫೈಲನ್ನು /ಟಿಎಂಪಿ ಒಳಗೆ ಇಡುತ್ತದೆ, ಲಿನಕ್ಸ್ ಪ್ಯಾಕೇಜ್‌ಗಳು /ವಾರ್/ರನ್/ಪೋಸ್ಟ್‌ಗ್ರೆಸ್ಕ್ಯೂಎಲ್ ಒಳಗೆ. ಎರಡನ್ನೂ ಬೆರೆಸಿದ ಯಂತ್ರದಲ್ಲಿ ಸರ್ವರ್ ಒಂದು ಕಡೆ ಕೂತಿರುತ್ತದೆ, ಕ್ಲೈಂಟ್ ಇನ್ನೊಂದು ಕಡೆ ಹುಡುಕಿ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಎನ್ನುತ್ತದೆ.

ಅಪ್ಲಿಕೇಶನ್ ಕಂಟೇನರಿನೊಳಗೆ ಇದ್ದರೆ ಅದರ 'ಲೋಕಲ್‌ಹೋಸ್ಟ್' ಆ ಕಂಟೇನರೇ ಹೊರತು ನಿಮ್ಮ ಯಂತ್ರವಲ್ಲ. ಡೇಟಾಬೇಸಿನ ಸರ್ವಿಸ್ ಹೆಸರನ್ನೇ ಹೋಸ್ಟ್ ಆಗಿ ಕೊಡಬೇಕು.

ಎಚ್‌ಬಿಎ ಫೈಲ್: ಮೊದಲು ಹೊಂದಿದ ಸಾಲೇ ಅಂತಿಮ

ಸಂಪರ್ಕದ ದೋಷಗಳಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವುದು ಈ ಫೈಲ್. ಇದರ ನಿಯಮ ಮಾತ್ರ ಬಹಳ ಸರಳ. ಸರ್ವರ್ ಮೇಲಿನಿಂದ ಕೆಳಗೆ ಓದುತ್ತದೆ. ಕನೆಕ್ಷನ್ ಬಗೆ, ಡೇಟಾಬೇಸ್, ಬಳಕೆದಾರ, ವಿಳಾಸ ಇವು ಹೊಂದುವ ಮೊದಲ ಸಾಲನ್ನು ಹಿಡಿದು ಅಲ್ಲೇ ನಿಲ್ಲುತ್ತದೆ. ಆ ಸಾಲು ಹೇಳುವ ವಿಧಾನದಲ್ಲಿ ನೀವು ಸೋತರೆ ಕೆಳಗಿನ ಸಾಲನ್ನು ಅದು ನೋಡುವುದೇ ಇಲ್ಲ. ಹೀಗೊಂದು ಫೈಲ್ ಇದೆ ಎಂದುಕೊಳ್ಳಿ:

ಲೋಕಲ್    ಆಲ್    ಆಲ್    ಪೀರ್
ಲೋಕಲ್    ಆರ್ಡರ್ಸ್    ವೆಬ್‌ಆ್ಯಪ್    ಸ್ಕ್ರ್ಯಾಮ್-ಎಸ್‌ಎಚ್‌ಎ-256

ಎರಡನೆಯ ಸಾಲನ್ನು ಯಾರೋ ಫೈಲಿನ ತುದಿಗೆ ಸೇರಿಸಿದ್ದಾರೆ. ಆರ್ಡರ್ಸ್ ಡೇಟಾಬೇಸಿಗೆ ವೆಬ್‌ಆ್ಯಪ್ ಬಳಕೆದಾರ ಪಾಸ್‌ವರ್ಡ್ ಕೊಟ್ಟು ಬರಲಿ ಎಂಬುದು ಉದ್ದೇಶ. ಬೇಡಿಕೆ ಬಂದಾಗ ಮೊದಲ ಸಾಲೇ ಹೊಂದುತ್ತದೆ, ಏಕೆಂದರೆ 'ಆಲ್' ಎಲ್ಲರನ್ನೂ ಒಳಗೊಳ್ಳುತ್ತದೆ. ಪೀರ್ ವಿಧಾನ ಪಾಸ್‌ವರ್ಡ್ ಕೇಳುವುದೇ ಇಲ್ಲ; ಆಪರೇಟಿಂಗ್ ಸಿಸ್ಟಮ್ಮಿನ ಬಳಕೆದಾರನ ಹೆಸರೂ ಡೇಟಾಬೇಸ್ ಬಳಕೆದಾರನ ಹೆಸರೂ ಒಂದೇ ಇದೆಯೇ ಎಂದು ನೋಡುತ್ತದೆ. ವೆಬ್ ಸರ್ವರ್ ಓಡುತ್ತಿರುವುದು ಬೇರೆ ಹೆಸರಿನಲ್ಲಿ. ಹಾಗಾಗಿ 'ಪೀರ್ ಅಥೆಂಟಿಕೇಶನ್ ಫೇಲ್ಡ್ ಫಾರ್ ಯೂಸರ್ ವೆಬ್‌ಆ್ಯಪ್'. ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಫಲವಿಲ್ಲ, ಯಾರೂ ಅದನ್ನು ಕೇಳುತ್ತಲೇ ಇಲ್ಲ. ಎರಡು ಸಾಲುಗಳನ್ನು ಅದಲುಬದಲು ಮಾಡಿ ರೀಲೋಡ್ ಕೊಟ್ಟರೆ ಮುಗಿಯಿತು. ಈ ಫೈಲಿಗೆ ರೀಸ್ಟಾರ್ಟ್ ಬೇಡ.

'ನೋ ಪಿಜಿ_ಎಚ್‌ಬಿಎ.ಕಾನ್ಫ್ ಎಂಟ್ರಿ' ಎಂದರೆ ಒಂದು ಸಾಲೂ ಹೊಂದಲಿಲ್ಲ ಎಂದು. ಈ ಸಂದೇಶದ ಒಂದೊಂದು ಪದಕ್ಕೂ ಬೆಲೆ ಇದೆ. ಕ್ಲೈಂಟಿನ ವಿಳಾಸ, ಬಳಕೆದಾರ, ಡೇಟಾಬೇಸ್ ಇವು ಸರ್ವರ್‌ಗೆ ಹೇಗೆ ಕಾಣುತ್ತಿವೆಯೋ ಹಾಗೆಯೇ ಅದರಲ್ಲಿ ಬರುತ್ತವೆ. ನೀವು ಅಂದುಕೊಂಡ ವಿಳಾಸದ ಬದಲು ನ್ಯಾಟ್ ಅಥವಾ ಡಾಕರ್ ಸೇತುವೆಯ ವಿಳಾಸ ಅಲ್ಲಿ ಕಂಡರೆ ಅಚ್ಚರಿ ಇಲ್ಲ. 'ಲೋಕಲ್‌ಹೋಸ್ಟ್' ಎಂದು ಕೊಟ್ಟಾಗ ::1 ವಿಳಾಸ ಕಾಣಬಹುದು, ಫೈಲಿನಲ್ಲಿ ಇರುವುದು 127.0.0.1/32 ಮಾತ್ರ ಆಗಿರಬಹುದು. ಸಾಲಿನ ತುದಿಯಲ್ಲಿ 'ನೋ ಎನ್‌ಕ್ರಿಪ್ಷನ್' ಎಂದಿದ್ದರೆ ಕ್ಲೈಂಟ್ ಎಸ್‌ಎಸ್‌ಎಲ್ ಇಲ್ಲದೆ ಬಂದಿದೆ, ನಿಮ್ಮ ಫೈಲಿನಲ್ಲಿ 'ಹೋಸ್ಟ್‌ಎಸ್‌ಎಸ್‌ಎಲ್' ಸಾಲುಗಳಷ್ಟೇ ಇರಬಹುದು. ಕನೆಕ್ಟ್ ಆಗಲು ಸ್ಟ್ಯಾಂಡ್‌ಬೈ ಸರ್ವರ್ (ಮುಖ್ಯ ಸರ್ವರಿನ ನಕಲು ಇಟ್ಟುಕೊಳ್ಳುವುದು) ಬರುತ್ತಿದ್ದರೆ ನೆನಪಿಡಿ: ಡೇಟಾಬೇಸ್ ಕಾಲಮ್ಮಿನ 'ಆಲ್' ಫಿಸಿಕಲ್ ರೆಪ್ಲಿಕೇಶನ್‌ಗೆ ಅನ್ವಯಿಸುವುದಿಲ್ಲ, 'ರೆಪ್ಲಿಕೇಶನ್' ಎಂದೇ ಬರೆದ ಸಾಲು ಬೇಕು.

ತಿದ್ದಿದರೂ ಏನೂ ಬದಲಾಗಿಲ್ಲವೇ? ನೀವು ತಿದ್ದಿದ ಫೈಲೇ ಬೇರೆ, ಸರ್ವರ್ ಓದುವ ಫೈಲೇ ಬೇರೆ ಇರಬಹುದು. ಹೇಗಾದರೂ ಒಳಗೆ ಹೋಗಲು ಸಾಧ್ಯವಿದ್ದರೆ 'ಶೋ ಎಚ್‌ಬಿಎ_ಫೈಲ್' ಕೇಳಿ, ನಿಜವಾದ ದಾರಿ ಸಿಗುತ್ತದೆ. ಆವೃತ್ತಿ 10ರಿಂದ 'ಪಿಜಿ_ಎಚ್‌ಬಿಎ_ಫೈಲ್_ರೂಲ್ಸ್' ಎಂಬ ವ್ಯೂ ಇದೆ. ಫೈಲಿನ ಪ್ರತಿ ಸಾಲನ್ನು ಬಿಡಿಸಿ ತೋರಿಸಿ, ತಪ್ಪಿರುವ ಸಾಲಿನ ಎದುರು ತಪ್ಪೇನೆಂದು ಬರೆಯುತ್ತದೆ. ರೀಲೋಡ್ ಕೊಡುವ ಮುನ್ನವೇ ಇದನ್ನು ನೋಡುವ ಅಭ್ಯಾಸ ಒಳ್ಳೆಯದು. ಫೈಲಿನಲ್ಲಿ ಒಂದು ಸಾಲು ತಪ್ಪಿದ್ದರೂ ಓಡುತ್ತಿರುವ ಸರ್ವರ್ ಇಡೀ ಫೈಲನ್ನು ಬಿಟ್ಟು ಹಳೆಯ ನಿಯಮಗಳಲ್ಲೇ ಮುಂದುವರಿಯುತ್ತದೆ, ಆ ವಿಷಯ ಲಾಗಿನಲ್ಲಿ ಮಾತ್ರ ಕಾಣುತ್ತದೆ.

ಇಂಥದ್ದೇ ಗೊಂದಲ ಮುಖ್ಯ ಕಾನ್ಫಿಗ್ ಫೈಲಿನಲ್ಲೂ ಉಂಟು. 'ಆಲ್ಟರ್ ಸಿಸ್ಟಮ್' ಮೂಲಕ ಕೊಟ್ಟ ಬೆಲೆಗಳು ಪೋಸ್ಟ್‌ಗ್ರೆಸ್ಕ್ಯೂಎಲ್.ಆಟೊ.ಕಾನ್ಫ್ ಎಂಬ ಬೇರೆ ಫೈಲಿಗೆ ಹೋಗುತ್ತವೆ, ಕೊನೆಗೆ ಗೆಲ್ಲುವುದು ಅದೇ. ಯಾವ ಬೆಲೆ ಯಾವ ಫೈಲಿನ ಎಷ್ಟನೆಯ ಸಾಲಿನಿಂದ ಬಂದಿದೆ, ರೀಸ್ಟಾರ್ಟ್‌ಗೆ ಕಾಯುತ್ತಿದೆಯೇ ಎಂಬುದನ್ನು 'ಪಿಜಿ_ಸೆಟ್ಟಿಂಗ್ಸ್' ವ್ಯೂ ಹೇಳುತ್ತದೆ.

ಪಾಸ್‌ವರ್ಡ್ ತಪ್ಪೆನ್ನುವಾಗ

ಕ್ಲೈಂಟಿಗೆ ಸಿಗುವುದು 'ಪಾಸ್‌ವರ್ಡ್ ಅಥೆಂಟಿಕೇಶನ್ ಫೇಲ್ಡ್' ಎಂಬ ಒಂದೇ ಮಾತು. ಬಳಕೆದಾರನೇ ಇಲ್ಲದಿದ್ದರೂ, ಪಾಸ್‌ವರ್ಡ್ ಇಟ್ಟೇ ಇಲ್ಲದಿದ್ದರೂ, ಅವಧಿ ಮುಗಿದಿದ್ದರೂ ಅದೇ ಮಾತು. ಹೊರಗಿನವರಿಗೆ ಸುಳಿವು ಸಿಗಬಾರದೆಂದು ಬೇಕೆಂದೇ ಹೀಗೆ ಮಾಡಿದ್ದಾರೆ. ನಿಜವಾದ ಕಾರಣ ಸರ್ವರ್ ಲಾಗಿನಲ್ಲಿ ಮರುಸಾಲಿನ 'ಡೀಟೇಲ್' ಭಾಗದಲ್ಲಿದೆ, ಎಚ್‌ಬಿಎ ಫೈಲಿನ ಎಷ್ಟನೆಯ ಸಾಲು ಹೊಂದಿತು ಎಂಬುದೂ ಅಲ್ಲೇ.

ಪದೇಪದೇ ಕಾಣುವ ಕಾರಣಗಳಲ್ಲಿ ಮೊದಲನೆಯದು ಡಾಕರ್ ಇಮೇಜಿನದು. ಪೋಸ್ಟ್‌ಗ್ರೆಸ್_ಪಾಸ್‌ವರ್ಡ್ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್ ಕೆಲಸಕ್ಕೆ ಬರುವುದು ಡೇಟಾ ಡೈರೆಕ್ಟರಿ ಖಾಲಿ ಇರುವ ಮೊದಲ ಸಲ ಮಾತ್ರ. ಹಳೆಯ ವಾಲ್ಯೂಮ್ ಇದ್ದರೆ ಕಂಪೋಸ್ ಫೈಲಿನಲ್ಲಿ ಎಷ್ಟು ಬದಲಿಸಿದರೂ ಹಳೆಯ ಪಾಸ್‌ವರ್ಡೇ ಉಳಿಯುತ್ತದೆ. ಒಳಗೆ ಹೋಗಿ 'ಆಲ್ಟರ್ ರೋಲ್' ಕೊಡಬೇಕು. ಎರಡನೆಯದು ದೊಡ್ಡಕ್ಷರ: ಉದ್ಧರಣ ಚಿಹ್ನೆ ಇಲ್ಲದೆ ಬರೆದ ಹೆಸರನ್ನು ಪೋಸ್ಟ್‌ಗ್ರೆಸ್ ಸಣ್ಣಕ್ಷರಕ್ಕೆ ಇಳಿಸುತ್ತದೆ, ಕನೆಕ್ಟ್ ಆಗುವಾಗ ಕೊಟ್ಟ ಹೆಸರನ್ನು ಇಳಿಸುವುದಿಲ್ಲ. ಪಾಸ್‌ವರ್ಡಿನಲ್ಲಿ @, :, /, # ಚಿಹ್ನೆಗಳಿದ್ದು ಅದನ್ನು ಯುಆರ್‌ಎಲ್ ರೂಪದಲ್ಲಿ ಕೊಟ್ಟಿದ್ದರೆ ಅವನ್ನು ಶೇಕಡಾ ಸಂಕೇತಕ್ಕೆ ಬದಲಿಸಿಯೇ ಬರೆಯಬೇಕು.

ಹಳೆಯ ಡ್ರೈವರ್‌ಗಳು 'ಅಥೆಂಟಿಕೇಶನ್ ಮೆಥಡ್ 10 ನಾಟ್ ಸಪೋರ್ಟೆಡ್' ಎಂದರೆ ಅವಕ್ಕೆ ಸ್ಕ್ರ್ಯಾಮ್ ಎಂಬ ಹೊಸ ಪಾಸ್‌ವರ್ಡ್ ವಿಧಾನ ಗೊತ್ತಿಲ್ಲ. ಆವೃತ್ತಿ 14ರಿಂದ ಹೊಸ ಪಾಸ್‌ವರ್ಡ್‌ಗಳು ಸ್ಕ್ರ್ಯಾಮ್‌ನಲ್ಲೇ ಉಳಿಯುತ್ತವೆ. ಹಳೆಯ ವಿಧಾನವಾದ ಎಂಡಿ5ಗೆ ಹಿಂದಿರುಗುವ ಬದಲು ಡ್ರೈವರ್ ಹೊಸದು ಮಾಡಿ.

ಜಾಗವೇ ಇಲ್ಲ ಎಂದಾಗ

'ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ'. ಮ್ಯಾಕ್ಸ್_ಕನೆಕ್ಷನ್ಸ್‌ನ ಮೂಲ ಬೆಲೆ 100, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ಅಪ್ಲಿಕೇಶನ್‌ಗೆ ಉಳಿಯುವುದು 97. ಪೂಲ್ (ಮೊದಲೇ ತೆರೆದಿಟ್ಟುಕೊಳ್ಳುವ ಕನೆಕ್ಷನ್‌ಗಳ ಗುಂಪು) ಗಾತ್ರ 20 ಇರುವ ಅಪ್ಲಿಕೇಶನ್ನಿನ ಐದು ಪ್ರತಿ ಓಡಿಸಿದರೆ 100 ಆಯಿತು, ದಟ್ಟಣೆ ಹೆಚ್ಚಾದ ಹೊತ್ತಿನಲ್ಲಿ ಮೂರು ಕನೆಕ್ಷನ್ ಹೊರಗೆ ಬೀಳುತ್ತವೆ.

ಆ ಮೀಸಲು ಜಾಗ ಇರುವುದೇ ಇಂಥ ಹೊತ್ತಿಗೆ. ಸೂಪರ್‌ಯೂಸರ್ ಆಗಿ ಒಳಗೆ ಹೋಗಿ 'ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ' ವ್ಯೂನಲ್ಲಿ ಕನೆಕ್ಷನ್‌ಗಳನ್ನು ಸ್ಥಿತಿಯ ಪ್ರಕಾರ ಎಣಿಸಿ. ಹೆಚ್ಚಿನವು 'ಐಡಲ್' ಆಗಿದ್ದರೆ ಪೂಲ್ ದೊಡ್ಡದಾಗಿದೆ, ಅದನ್ನು ಇಳಿಸಿ ಅಥವಾ ಮಧ್ಯೆ ಕನೆಕ್ಷನ್‌ಗಳನ್ನು ಹಂಚಿಕೊಡುವ ಪಿಜಿಬೌನ್ಸರ್ ಇಡಿ. 'ಐಡಲ್ ಇನ್ ಟ್ರಾನ್ಸಾಕ್ಷನ್' ಹೆಚ್ಚಿದ್ದರೆ ಕೋಡಿನಲ್ಲಿ ಎಲ್ಲೋ ಟ್ರಾನ್ಸಾಕ್ಷನ್ ತೆರೆದು ಮುಗಿಸದೆ ಬಿಡುತ್ತಿದ್ದಾರೆ. ಇದು ಬರೀ ಜಾಗ ತಿನ್ನುವ ದೋಷವಲ್ಲ: ಆ ಟ್ರಾನ್ಸಾಕ್ಷನ್ ಹಿಡಿದ ಲಾಕ್‌ಗಳು ಹಾಗೇ ಉಳಿಯುತ್ತವೆ, ವ್ಯಾಕ್ಯೂಮ್ ಹಳೆಯ ಸಾಲುಗಳನ್ನು ತೆಗೆಯಲಾರದೆ ಟೇಬಲ್‌ಗಳು ಊದುತ್ತವೆ. ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್ ಇಟ್ಟರೆ ಸದ್ಯಕ್ಕೆ ರಕ್ಷಣೆ ಸಿಗುತ್ತದೆ, ಆದರೆ ಕೋಡ್ ತಿದ್ದಲೇಬೇಕು.

'ಆ್ಯಕ್ಟಿವ್' ಕನೆಕ್ಷನ್‌ಗಳೇ ತುಂಬಿದ್ದು, ಅವು ಕಾಯುತ್ತಿರುವುದು 'ಲಾಕ್' ಎಂದಿದ್ದರೆ ಯಾರೋ ಒಬ್ಬರು ದಾರಿ ಕಟ್ಟಿದ್ದಾರೆ. ಕಾಯುತ್ತಿರುವ ಪ್ರೊಸೆಸ್ ಸಂಖ್ಯೆಯನ್ನು 'ಪಿಜಿ_ಬ್ಲಾಕಿಂಗ್_ಪಿಐಡಿಸ್' ಫಂಕ್ಷನ್ನಿಗೆ ಕೊಟ್ಟರೆ ತಡೆದವರ ಸಂಖ್ಯೆ ಸಿಗುತ್ತದೆ. ಎಷ್ಟೋ ಸಲ ಅದೊಂದು 'ಆಲ್ಟರ್ ಟೇಬಲ್'. ಯಾವುದೋ ಉದ್ದದ ಕ್ವೆರಿ ಮುಗಿಯಲೆಂದು ಅದು ಕಾಯುತ್ತಿರುತ್ತದೆ. ಅದರ ಬೆನ್ನಿಗೆ ಬಂದ ಸಾಮಾನ್ಯ 'ಸೆಲೆಕ್ಟ್'ಗಳೂ ಸರದಿಯಲ್ಲಿ ನಿಂತು ಕನೆಕ್ಷನ್ ಪೂರ್ತಿ ಮುಗಿದುಹೋಗುತ್ತದೆ. ಆ 'ಆಲ್ಟರ್ ಟೇಬಲ್' ಅನ್ನು 'ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್'ನಿಂದ ನಿಲ್ಲಿಸಿ, ಮುಂದಿನ ಸಲ ಸಣ್ಣ ಲಾಕ್_ಟೈಮ್‌ಔಟ್ ಇಟ್ಟುಕೊಂಡು ಓಡಿಸಿ.

ಮ್ಯಾಕ್ಸ್_ಕನೆಕ್ಷನ್ಸ್ ಅನ್ನು 1000ಕ್ಕೆ ಏರಿಸುವುದು ನನ್ನ ಪ್ರಕಾರ ಕೊನೆಯ ಆಯ್ಕೆಯಾಗಬೇಕು. ಇಲ್ಲಿ ಒಂದೊಂದು ಕನೆಕ್ಷನ್ ಒಂದೊಂದು ಪ್ರೊಸೆಸ್, ಅದಕ್ಕೆ ಮೆಮೊರಿ ಬೇಕು. ಮೇಲೆ ಹೇಳಿದ ಮೂರು ಕಾರಣಗಳಲ್ಲಿ ಒಂದನ್ನೂ ಅದು ತಿದ್ದುವುದಿಲ್ಲ.

ಡಿಸ್ಕ್ ತುಂಬಿದರೆ

'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎಂದು ಸರ್ವರ್ ಬಿದ್ದಿದೆ, ಪಿಜಿ_ವಾಲ್ ಫೋಲ್ಡರ್ ದೈತ್ಯಾಕಾರ ತಾಳಿದೆ. ಅದರೊಳಗಿನ ಫೈಲ್‌ಗಳನ್ನು ಯಾವ ಕಾರಣಕ್ಕೂ ಕೈಯಾರೆ ಅಳಿಸಬೇಡಿ. ಅವು ಓದಿ ಬಿಸಾಡುವ ಲಾಗ್‌ಗಳಲ್ಲ, ಬಿದ್ದ ಸರ್ವರ್ ಮತ್ತೆ ಸರಿಯಾಗಿ ಏಳಲು ಬೇಕಾದ ಬರಹ. ಹಿಂದೆ ಈ ಫೋಲ್ಡರಿನ ಹೆಸರು ಪಿಜಿ_ಎಕ್ಸ್‌ಲಾಗ್ ಎಂದಿತ್ತು. ಹೆಸರಲ್ಲಿ 'ಲಾಗ್' ಕಂಡು ಜನ ಅಳಿಸಿಬಿಡುತ್ತಿದ್ದರೆಂದೇ ಆವೃತ್ತಿ 10ರಲ್ಲಿ ಬದಲಿಸಿದರು.

ಮೊದಲು ಅದೇ ಡಿಸ್ಕಿನಲ್ಲಿ ಪೋಸ್ಟ್‌ಗ್ರೆಸ್‌ಗೆ ಸೇರದ ಬೇರೆ ಏನಾದರೂ ತೆಗೆದು ಅಥವಾ ಡಿಸ್ಕ್ ಹಿಗ್ಗಿಸಿ ಸರ್ವರ್ ಎಬ್ಬಿಸಿ. ಆಮೇಲೆ ವಾಲ್ ಫೈಲ್‌ಗಳು ಏಕೆ ಉಳಿದುಕೊಂಡಿವೆ ಎಂದು ಹುಡುಕಿ. 'ಪಿಜಿ_ಸ್ಟ್ಯಾಟ್_ಆರ್ಕೈವರ್'ನಲ್ಲಿ ಸೋಲುಗಳ ಲೆಕ್ಕ ಏರುತ್ತಲೇ ಇದ್ದರೆ ವಾಲ್ ಫೈಲ್‌ಗಳನ್ನು ಬೇರೆಡೆ ನಕಲಿಸುವ ಆರ್ಕೈವ್ ಕಮಾಂಡ್ ಕೆಟ್ಟಿದೆ. 'ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್'ನಲ್ಲಿ ಆ್ಯಕ್ಟಿವ್ ಅಲ್ಲದ ಸ್ಲಾಟ್ ಇದ್ದರೆ, ಯಾವಾಗಲೋ ಕಿತ್ತುಹಾಕಿದ ಸ್ಟ್ಯಾಂಡ್‌ಬೈಗಾಗಿ ಸರ್ವರ್ ಇನ್ನೂ ಫೈಲ್ ಕೂಡಿಡುತ್ತಿದೆ; ಅದು ಬೇಡವೆಂದು ಖಚಿತವಾದರೆ ಸ್ಲಾಟ್ ತೆಗೆಯಿರಿ, ಮುಂದಿನ ಚೆಕ್‌ಪಾಯಿಂಟ್‌ಗಳಲ್ಲಿ ಜಾಗ ತಾನಾಗಿ ಬಿಡುಗಡೆಯಾಗುತ್ತದೆ. ಆವೃತ್ತಿ 13ರಿಂದ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಮೂಲಕ ಇದಕ್ಕೊಂದು ಮಿತಿ ಹಾಕಬಹುದು.

ಓಡುತ್ತಾ ಓಡುತ್ತಾ ಬಿದ್ದರೆ

ಎಲ್ಲರ ಕನೆಕ್ಷನ್ ಒಮ್ಮೆಲೇ ಕಡಿದು, ಕೆಲ ಹೊತ್ತು 'ದಿ ಡೇಟಾಬೇಸ್ ಸಿಸ್ಟಮ್ ಈಸ್ ಇನ್ ರಿಕವರಿ ಮೋಡ್' ಎಂದು ಬಂದು, ಮತ್ತೆ ಎಲ್ಲ ಸರಿಹೋದರೆ ಲಾಗಿನಲ್ಲಿ ಅದಕ್ಕೂ ಮೊದಲಿನ ಸಾಲು ನೋಡಿ. 'ಟರ್ಮಿನೇಟೆಡ್ ಬೈ ಸಿಗ್ನಲ್ 9' ಎಂದಿದ್ದರೆ ಒಂದು ಪ್ರೊಸೆಸ್ಸನ್ನು ಹೊರಗಿನವರು ಕೊಂದಿದ್ದಾರೆ. ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂಬ ಅನುಮಾನದಿಂದ ಪೋಸ್ಟ್‌ಗ್ರೆಸ್ ಉಳಿದೆಲ್ಲ ಸೆಷನ್‌ಗಳನ್ನೂ ಮುಚ್ಚಿ ಹೊಸದಾಗಿ ಎದ್ದಿದೆ. ಕೊಂದವರು ಒಂದೋ 'ಕಿಲ್ -9' ಕೊಟ್ಟ ಮನುಷ್ಯರು, ಇಲ್ಲವೇ ಮೆಮೊರಿ ಸಾಲದ ಕರ್ನಲ್. ಕರ್ನಲ್ ಆಗಿದ್ದರೆ ಕರ್ನಲ್ ಲಾಗಿನಲ್ಲಿ 'ಔಟ್ ಆಫ್ ಮೆಮೊರಿ' ಎಂದು ಪ್ರೊಸೆಸ್ ಸಂಖ್ಯೆಯ ಸಮೇತ ಇರುತ್ತದೆ.

ಆಗ ಮೊದಲು ನೋಡಬೇಕಾದದ್ದು ವರ್ಕ್_ಮೆಮ್. ಅದು ಇಡೀ ಸರ್ವರ್‌ಗಾಗಲಿ ಒಂದು ಕನೆಕ್ಷನ್‌ಗಾಗಲಿ ಇರುವ ಮಿತಿಯಲ್ಲ, ಕ್ವೆರಿಯೊಳಗಿನ ಒಂದೊಂದು ಸಾರ್ಟ್ ಅಥವಾ ಹ್ಯಾಶ್‌ಗೆ ಇರುವ ಮಿತಿ. 256 ಎಂಬಿ ಇಟ್ಟು, ಮೂರು ಸಾರ್ಟ್ ಇರುವ ಕ್ವೆರಿಯನ್ನು 40 ಕನೆಕ್ಷನ್‌ಗಳು ಒಟ್ಟಿಗೆ ಓಡಿಸಿದರೆ 30 ಜಿಬಿವರೆಗೆ ಕೇಳಬಹುದು. ಸರ್ವರ್ ಮಟ್ಟದಲ್ಲಿ ಮೂಲ ಬೆಲೆಯಾದ 4 ಎಂಬಿಯ ಆಸುಪಾಸಿನಲ್ಲೇ ಇರಲಿ. ಭಾರದ ವರದಿ ಓಡಿಸುವ ಬಳಕೆದಾರನಿಗೆ ಮಾತ್ರ 'ಆಲ್ಟರ್ ರೋಲ್' ಮೂಲಕ ಹೆಚ್ಚಿಸಿ ಕೊಡಿ.